3.5 ಇಂಚಿನ ಹಾರ್ಡ್ ಡಿಸ್ಕ್ ಕೇಸ್: ಡಿಸ್ಕ್ ಹೊರಗೆ ತೆಗೆದರೆ ಫೈಲ್ ಕಾಣುವುದಿಲ್ಲ

ಹಾರ್ಡ್ ಡಿಸ್ಕನ್ನು ಒಳಗೆ ಕೂರಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಜೋಡಿಸುವ ಈ ಕೇಸ್ ಗಟ್ಟಿಯಾಗಿದೆ. ಅಲ್ಯೂಮಿನಿಯಂ ಮೈ, ಬಿಸಿ ಜಾಸ್ತಿ ಆಗುವುದಿಲ್ಲ, ಯುಎಸ್‌ಬಿ 3.0 ವೇಗಕ್ಕೂ ಕೊರತೆ ಇಲ್ಲ. ಆದರೂ ನಾನು ಕೊಡುವುದು ಎರಡೇ ಸ್ಟಾರ್. ಇದರೊಳಗೆ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಬೇರೆ ಕಡೆ ಹಾಕಿದರೆ ಓದಲು ಆಗುವುದಿಲ್ಲ, ಡಬ್ಬಿಯ ಮೇಲೆ ಈ ವಿಷಯ ಎಲ್ಲೂ ಬರೆದಿಲ್ಲ.

ಮನೆಯವರ ಫೋಟೊ, ಮದುವೆ ವಿಡಿಯೊ ಎಲ್ಲಾ ತುಂಬಿದ್ದ 4 ಟಿಬಿ ಡಿಸ್ಕ್ ಇದರಲ್ಲಿತ್ತು. ಅದನ್ನು ಬಿಚ್ಚಿ ಡೆಸ್ಕ್‌ಟಾಪ್‌ನ ಸಾಟಾ ಕೇಬಲ್‌ಗೆ (ಡಿಸ್ಕನ್ನು ಕಂಪ್ಯೂಟರ್ ಒಳಗೆ ನೇರವಾಗಿ ಜೋಡಿಸುವ ಕೇಬಲ್) ಹಾಕಿದಾಗ ವಿಂಡೋಸ್ 465 ಜಿಬಿಯ ಒಂದು ಪಾರ್ಟಿಷನ್ (ಡಿಸ್ಕಿನ ಭಾಗ) ತೋರಿಸಿ, ಅದನ್ನೂ ರಾ, ಅಂದರೆ ಓದಲು ಬಾರದ್ದು ಎಂದು ಹೇಳಿ, ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳಿತು. ಅಂಗಡಿಗೆ ಫೋನ್ ಮಾಡಿದರೆ "ಡಿಸ್ಕ್ ಹೋಗಿದೆ ಸರ್, ಫಾರ್ಮ್ಯಾಟ್ ಮಾಡಿ ನೋಡಿ" ಎಂದರು. ದಯವಿಟ್ಟು ಹಾಗೆ ಮಾಡಬೇಡಿ! ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಮತ್ತೆ ಅದೇ ಕೇಸಿಗೆ ಹಾಕಿದೆ, ಎಲ್ಲ ಫೈಲೂ ಇದ್ದ ಹಾಗೇ ಬಂದವು.

ಕಾರಣ ಒಳಗಿರುವ ಚಿಕ್ಕ ಬೋರ್ಡ್. ಡಿಸ್ಕ್ ತನ್ನ ಸೆಕ್ಟರ್ (ಡೇಟಾ ಇಡುವ ಚಿಕ್ಕ ಚಿಕ್ಕ ತುಂಡು) 512 ಬೈಟ್ ಎಂದು ಹೇಳುತ್ತದೆ, ಆದರೆ ಸಾಟಾಗೂ ಯುಎಸ್‌ಬಿಗೂ ನಡುವೆ ಕೂತ ಚಿಪ್ ಎಂಟೆಂಟು ಸೆಕ್ಟರ್ ಸೇರಿಸಿ, ಇದು 4096 ಬೈಟ್‌ನದು ಎಂದು ಕಂಪ್ಯೂಟರ್‌ಗೆ ತಿಳಿಸುತ್ತದೆ. ಇದು ವಿಂಡೋಸ್ ಎಕ್ಸ್‌ಪಿ ಕಾಲದ ಉಪಾಯ. ಪಾರ್ಟಿಷನ್ ಪಟ್ಟಿ ಬರೆದಿಡುವ ಹಳೆಯ ವಿಧಾನವಾದ ಎಂಬಿಆರ್‌ನಲ್ಲಿ ಸೆಕ್ಟರ್ ಸಂಖ್ಯೆಗೆ ಇರುವುದು 32 ಬಿಟ್ ಮಾತ್ರ, ಹಾಗಾಗಿ 512ರ ಲೆಕ್ಕದಲ್ಲಿ 2 ಟಿಬಿ ದಾಟಲು ಆಗುತ್ತಿರಲಿಲ್ಲ, 4096ರ ಲೆಕ್ಕದಲ್ಲಿ 16 ಟಿಬಿವರೆಗೂ ಹೋಗಬಹುದು. ಆಗ ಅದು ಬೇಕಿತ್ತು, ಒಪ್ಪುತ್ತೇನೆ. ಈಗ ಆ ಮಿತಿ ಇಲ್ಲದ ಹೊಸ ವಿಧಾನ ಜಿಪಿಟಿ ಇದೆ, ಚಿಪ್‌ನ ಈ ಉಪಾಯ ಯಾಕೆ ಬೇಕು? ಪಾರ್ಟಿಷನ್ ಎಲ್ಲಿ ಶುರು, ಎಷ್ಟು ಉದ್ದ ಅನ್ನುವುದನ್ನು ಸೆಕ್ಟರ್ ಲೆಕ್ಕದಲ್ಲೇ ಬರೆದಿರುತ್ತದೆ, ಅಲ್ವಾ? ಕೇಸ್ ಇಲ್ಲದೆ ಓದಿದಾಗ ಅದೆಲ್ಲ ಎಂಟನೇ ಒಂದು ಭಾಗಕ್ಕೆ ಕುಗ್ಗುತ್ತದೆ. 465 ಜಿಬಿ ಬಂದದ್ದು ಹೀಗೆ. ಜಿಪಿಟಿ ಹಾಕಿದ್ದರೂ ಇದೇ ಕಥೆ, ಅದರ ಹೆಡರ್ (ಪಟ್ಟಿಯ ತಲೆಭಾಗ) ಇರುವ ಜಾಗವೂ ಬದಲಾಗುತ್ತದೆ.

ಯಾವ ಕೇಸ್ ತಂದರೂ ಡೇಟಾ ತುಂಬುವ ಮೊದಲೇ ಪರೀಕ್ಷೆ ಮಾಡಿ. ಡಿಸ್ಕ್ ಹಾಕಿ, ವಿಂಡೋಸ್‌ನ ಸಿಸ್ಟಂ ಇನ್ಫರ್ಮೇಷನ್ ತೆರೆದು, ಸ್ಟೋರೇಜ್ ಕೆಳಗಿನ ಡಿಸ್ಕ್ಸ್‌ನಲ್ಲಿ ಬೈಟ್ಸ್ ಪರ್ ಸೆಕ್ಟರ್ ಎಷ್ಟಿದೆ ನೋಡಿ. ಮನೆ ಬಳಕೆಯ ಡಿಸ್ಕ್‌ಗಳು ಸಾಮಾನ್ಯವಾಗಿ 512 ಎಂದೇ ಹೇಳುತ್ತವೆ. ಕೇಸಿನಲ್ಲಿ 4096 ಕಂಡರೆ ಸುಮ್ನೆ ವಾಪಸ್ ಕೊಡಿ. ಈಗಾಗಲೇ ಡೇಟಾ ಇದ್ದು ಕೇಸ್ ಕೆಟ್ಟಿದ್ದರೆ, ಲಿನಕ್ಸ್ ಗೊತ್ತಿರುವವರಿಂದ ಸೆಕ್ಟರ್ ಗಾತ್ರ 4096 ಎಂದು ಕೊಟ್ಟು, ಬರೆಯಲು ಬಿಡದೆ ಓದಲಷ್ಟೇ ಲೂಪ್ ಡಿವೈಸ್ (ಡಿಸ್ಕನ್ನು ಬೇರೆ ಸೆಕ್ಟರ್ ಗಾತ್ರದಲ್ಲಿ ತೋರಿಸುವ ಲಿನಕ್ಸ್ ಸೌಲಭ್ಯ) ಮಾಡಿಸಿ. ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಬಹುದು, ರಿಕವರಿ ಅಂಗಡಿಗೆ ದುಡ್ಡು ಸುರಿಯುವ ಮೊದಲು ಇದನ್ನು ಖಂಡಿತ ನೋಡಿ.

ಇನ್ನು ಫೈಲ್ ಸಿಸ್ಟಂ, ಅಂದರೆ ಫಾರ್ಮ್ಯಾಟ್ ಮಾಡುವಾಗ ಆರಿಸುವ, ಫೈಲ್ ಜೋಡಿಸಿಡುವ ಕ್ರಮ. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಸಾಕು, ಮ್ಯಾಕ್ ಅದನ್ನು ಓದುತ್ತದೆ, ಆದರೆ ಅದಕ್ಕೆ ಬರೆಯುವುದಿಲ್ಲ. ಫ್ಯಾಟ್32 ಬೇಡ, 4 ಜಿಬಿ ದಾಟಿದ ವಿಡಿಯೊ ಫೈಲ್ ಅದರಲ್ಲಿ ಕೂರುವುದಿಲ್ಲ. ಎರಡೂ ಕಡೆ ಬರೆಯಬೇಕಾದರೆ ಎಕ್ಸ್‌ಫ್ಯಾಟ್ ಮಾಡಿ. ಆದರೆ ಅದಕ್ಕೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಟ್ಟು, ನಡುವೆ ನಿಂತರೆ ಸರಿಪಡಿಸಲು ನೆರವಾಗುವ ದಾಖಲೆ) ಇಲ್ಲ, ಈ ಕೇಸ್ ಓಡುವುದು 12 ವೋಲ್ಟ್ ಅಡಾಪ್ಟರ್ ಮೇಲೆ. ಕಾಪಿ ಮಾಡುತ್ತಿರುವಾಗ ಕರೆಂಟ್ ಹೋದರೆ ಕಷ್ಟ, ಆದ್ದರಿಂದ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿ.