ಶಾಲೆಯ ಸಾಫ್ಟ್‌ಬಾಲ್ ಸೆಟ್: ಹಿರಿಯ ತಂಡಕ್ಕೆ ಸರಿ, ಕಿರಿಯರಿಗೆ ಅಲ್ಲ

ವಿಜಯಪುರದ ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಗೆ ಬೆಳಗಾವಿಯ ಕ್ರೀಡಾ ಸಾಮಗ್ರಿ ಅಂಗಡಿಯೊಂದರಿಂದ ‘ಶಾಲಾ ಸಾಫ್ಟ್‌ಬಾಲ್ ಸೆಟ್’ ತರಿಸಿದ್ದೆವು. ಬೇಸ್‌ಬಾಲನ್ನು ಹೋಲುವ ಆಟವಿದು: ಎಸೆದ ಚೆಂಡನ್ನು ಬ್ಯಾಟಿನಿಂದ ಹೊಡೆದು, ನೆಲದ ಮೇಲಿನ ಬೇಸುಗಳನ್ನು ಒಂದೊಂದಾಗಿ ಮುಟ್ಟುತ್ತ ಓಡಬೇಕು, ಎದುರಾಳಿಗಳು ಒಂದು ಕೈಗೆ ಚರ್ಮದ ಗ್ಲೌಸ್ ಹಾಕಿಕೊಂಡು ಚೆಂಡು ಹಿಡಿಯುತ್ತಾರೆ. ಒಂದು ಇಡೀ ಹಂಗಾಮು ಅದನ್ನು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಚೆಂಡುಗಳು ಉತ್ತಮ, ಬ್ಯಾಟುಗಳಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲ, ಬೇಸುಗಳು ಕಳಪೆ, ಗ್ಲೌಸುಗಳು ಗಟ್ಟಿಮುಟ್ಟಾಗಿವೆ ಆದರೆ ಎಂಟನೆಯ ತರಗತಿಯ ಹುಡುಗಿಯ ಕೈಗೆ ಹೇಳಿಸಿದವಲ್ಲ. ಒಂದೇ ತಂಡವಿರುವ ಶಾಲೆ ಧೈರ್ಯವಾಗಿ ಕೊಳ್ಳಬಹುದು. ನಮ್ಮಂತೆ ಎರಡು ತಂಡ ನಡೆಸುವವರು ಹಣ ಕಟ್ಟುವ ಮೊದಲು ಸ್ವಲ್ಪ ನಿಲ್ಲಬೇಕು.

ನಮ್ಮಲ್ಲಿ ಎಂಟನೆಯ ತರಗತಿಯವರದು ಕಿರಿಯರ ತಂಡ, ಒಂಬತ್ತು ಮತ್ತು ಹತ್ತನೆಯವರದು ಹಿರಿಯರ ತಂಡ. ಶಾಲಾ ಕ್ರೀಡಾಕೂಟಗಳು 14, 17, 19 ವರ್ಷದೊಳಗಿನವರು ಎಂದು ವಯಸ್ಸು ನೋಡಿ ವಿಂಗಡಿಸುತ್ತವೆ. ಶಾಲೆಯೊಳಗೆ ಅಭ್ಯಾಸಕ್ಕೆ ತರಗತಿಯ ಲೆಕ್ಕವೇ ಅನುಕೂಲ. ಈ ಆಟ ಹುಟ್ಟಿದ ಅಮೆರಿಕದ ಪ್ರೌಢಶಾಲೆಗಳಲ್ಲಿಯೂ ಇಂಥದೇ ಎರಡು ಹಂತಗಳಿವೆ. ಶಾಲೆಯ ಮುಖ್ಯ ತಂಡವನ್ನು ವಾರ್ಸಿಟಿ ಎನ್ನುತ್ತಾರೆ, ಇನ್ನೂ ಪಳಗಬೇಕಾದವರದು ಜೂನಿಯರ್ ವಾರ್ಸಿಟಿ. ಅಲ್ಲಿ ಎರಡನೆಯ ತಂಡಕ್ಕೂ ಅದರದೇ ಪಂದ್ಯಗಳ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ ಬೇರೆ ತರಬೇತುದಾರರೂ ಇರುತ್ತಾರೆ. ಇಲ್ಲಿ ಎರಡಕ್ಕೂ ದೈಹಿಕ ಶಿಕ್ಷಣ ಶಿಕ್ಷಕಿ ನಾನೊಬ್ಬಳೇ. ಇದ್ದ ಒಂದು ಸೆಟ್ಟನ್ನು ಇಬ್ಬರಿಗೂ ಹಂಚಬೇಕು. ಹಂಚುವಾಗ ದೊಡ್ಡವರು ತಮಗೆ ಬೇಕಾದುದನ್ನು ಎತ್ತಿಕೊಳ್ಳುತ್ತಾರೆ, ಉಳಿದದ್ದು ಚಿಕ್ಕವರ ಪಾಲು. ನಾನು ನೋಡಿದ ಎಲ್ಲ ಶಾಲೆಗಳಲ್ಲೂ ನಡೆಯುವುದು ಹೀಗೆಯೇ. ಇದು ತಲೆಕೆಳಗಾದ ಕ್ರಮ ಎಂದು ನಾನು ಬಲವಾಗಿ ನಂಬುತ್ತೇನೆ. ಹತ್ತನೆಯ ತರಗತಿಯ ಹುಡುಗಿ ಕೆಟ್ಟ ಗ್ಲೌಸಿನಲ್ಲೂ ಚೆಂಡು ಹಿಡಿಯಬಲ್ಲಳು. ಈಗ ತಾನೇ ಕಲಿಯುತ್ತಿರುವವಳಿಗೇ ಒಳ್ಳೆಯದು ಬೇಕು.

ಗ್ಲೌಸಿನ ಮಾತನ್ನೇ ತೆಗೆದುಕೊಳ್ಳಿ. ಸೆಟ್ಟಿನಲ್ಲಿ ಬಂದವು ಬಹುತೇಕ 12 ಮತ್ತು 12.5 ಇಂಚಿನವು. ಚರ್ಮ ದಪ್ಪ, ಹೊಲಿಗೆ ಬಿಗಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಜಾಲರಿ ಒಪ್ಪವಾಗಿದೆ. ಹಿರಿಯರು ಕೆಲವೇ ವಾರಗಳಲ್ಲಿ ಅವನ್ನು ಪಳಗಿಸಿಕೊಂಡರು. ಕಿರಿಯರಿಗೆ ಆಗಲಿಲ್ಲ. ಒಳಗೆ ಬೆರಳುಗಳು ಅರ್ಧಕ್ಕೇ ನಿಲ್ಲುತ್ತವೆ, ಮಣಿಕಟ್ಟು ಸಡಿಲವಾಗಿ ಜಾರುತ್ತದೆ, ಎಷ್ಟು ಒತ್ತಿದರೂ ಗ್ಲೌಸ್ ಮುಚ್ಚುವುದಿಲ್ಲ. ಮುಚ್ಚದ ಗ್ಲೌಸಿಗೆ ಬಿದ್ದ ಚೆಂಡು ಪುಟಿದು ಎದೆಗೋ ಗಲ್ಲಕ್ಕೋ ಬರುತ್ತದೆ. ಎರಡು ಸಲ ಹಾಗಾದರೆ ಸಾಕು, ಮೂರನೆಯ ಸಲ ಹುಡುಗಿ ಮುಖ ತಿರುಗಿಸಿಕೊಳ್ಳುತ್ತಾಳೆ. ಮುಖ ತಿರುಗಿಸಿದವಳಿಗೆ ಚೆಂಡು ಕಾಣುವುದಿಲ್ಲ, ಕಾಣದ ಚೆಂಡು ಇನ್ನಷ್ಟು ಪೆಟ್ಟು ಕೊಡುತ್ತದೆ. ಆ ಮಗುವಿಗೆ ‘ಅಂಜುಬುರುಕಿ’ ಎಂಬ ಹೆಸರು ಅಂಟುತ್ತದೆ. ಇದು ನನಗೆ ಸಹಿಸಲಾಗದ ಅನ್ಯಾಯ. ಅಂಜಿಕೆ ಅವಳ ಸ್ವಭಾವದಲ್ಲಿಲ್ಲ, ಅವಳ ಕೈಗೆ ನಾವು ಹಾಕಿಸಿದ ಚರ್ಮದಲ್ಲಿದೆ. ಅವಳಿಗೇ 11 ಇಂಚಿನ ಮೆತ್ತನೆಯ ಹಳೆಯ ಗ್ಲೌಸ್ ಕೊಟ್ಟು, ಹತ್ತು ಹೆಜ್ಜೆ ದೂರದಿಂದ ನಿಧಾನವಾಗಿ ಎಸೆಯುತ್ತ ಬಂದರೆ ವಾರ ಕಳೆಯುವುದರೊಳಗೆ ಚೆಂಡಿಗೆ ಎದುರಾಗಿ ನಿಲ್ಲುತ್ತಾಳೆ.

ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಸುಲಭ. ಗ್ಲೌಸ್ ಹಾಕಿಸಿ, ಒಂದೇ ಕೈಯಿಂದ ಅದನ್ನು ಮುಚ್ಚಲು ಹೇಳಿ. ಹೆಬ್ಬೆರಳಿನ ಅಂಚೂ ಕಿರುಬೆರಳಿನ ಅಂಚೂ ಒಂದಕ್ಕೊಂದು ತಾಗಬೇಕು. ಹೊಸ ಚರ್ಮವಾದರೆ ತುಸು ಬಿಗಿ ಇರುತ್ತದೆ, ಅದು ಸಹಜ. ಅಂಚುಗಳು ಮಿಸುಕಾಡದೇ ಇದ್ದರೆ ಮಾತ್ರ ಬಿಟ್ಟುಬಿಡಿ.

ಎಡಗೈಯಿಂದ ಎಸೆಯುವವರ ಪಾಡು ಇನ್ನೂ ಕಷ್ಟ. ಅವರು ಗ್ಲೌಸನ್ನು ಬಲಗೈಗೆ ಹಾಕಬೇಕು, ಹಾಗಾಗಿ ಅದರ ಅಚ್ಚೇ ಬೇರೆ. ಇಡೀ ಸೆಟ್ಟಿಗೆ ಅಂಥದು ಒಂದೇ ಒಂದು. ನಮ್ಮ ಎರಡೂ ತಂಡಗಳಲ್ಲಿ ಎಡಗೈಯವರಿದ್ದಾರೆ. ಹಿರಿಯ ತಂಡದ ಹುಡುಗಿ ಮೊದಲ ಬೇಸಿನಲ್ಲಿ ನಿಲ್ಲುತ್ತಾಳೆ. ಗ್ಲೌಸಿನ ಕೈ ಬೇಸುಗಳ ನಡುವಿನ ಒಳಮೈದಾನದ ಕಡೆಗೇ ಬರುವುದರಿಂದ ಆ ಜಾಗ ಎಡಗೈಯವರಿಗೆ ಹೇಳಿ ಮಾಡಿಸಿದ್ದು. ಎರಡು ತಂಡಗಳಿಗೂ ಒಂದೇ ದಿನ ಆಟ ಬಿದ್ದರೆ ಕಿರಿಯ ತಂಡದವಳು ಹೊರಗೆ ಕೂರಬೇಕಾಗುತ್ತದೆ. ಬದಲಿಗೆ ಇನ್ನೊಂದು ಕೊಡುವಂತೆ ಕೇಳಿದಾಗ ಅಂಗಡಿಯವರು, ‘ಮೇಡಂ, ಸೆಟ್ಟಿಗೆ ಒಂದೇ ಬರುವುದು’ ಎಂದರು. ಹೆಚ್ಚಿನ ಹಣ ಕೊಡುತ್ತೇವೆ ಎಂದ ಮೇಲೂ ಅದು ಬಂದದ್ದು ಪಂದ್ಯಗಳು ಮುಗಿದ ನಂತರ.

ಬ್ಯಾಟು ಬೀಸುವವಳ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರಿನ ರಕ್ಷಾ ಸಾಮಗ್ರಿಯೂ ಒಂದೇ ಜೊತೆ: ಮುಖವಾಡವಿರುವ ಹೆಲ್ಮೆಟ್, ಎದೆಗೆ ಪ್ಯಾಡ್, ಕಾಲಿಗೆ ಗಾರ್ಡ್. ಹೆಲ್ಮೆಟ್ ಚೆನ್ನಾಗಿದೆ, ಕಂಬಿಗಳು ದೃಷ್ಟಿಗೆ ಅಡ್ಡ ಬರುವುದಿಲ್ಲ. ಎದೆಯ ಪ್ಯಾಡ್ ಮಾತ್ರ ಚಿಕ್ಕ ಹುಡುಗಿಗೆ ತೊಡೆಯವರೆಗೆ ಇಳಿಯುತ್ತದೆ, ಕುಕ್ಕರಗಾಲಿನಲ್ಲಿ ಕುಳಿತಾಗ ಮೇಲೆದ್ದು ಗದ್ದಕ್ಕೆ ತಿವಿಯುತ್ತದೆ. ಮುಖವಾಡದ ಕೆಳಗೆ ತೂಗಬೇಕಾದ ಗಂಟಲಿನ ಗಾರ್ಡ್ ಬಂದಿರಲೇ ಇಲ್ಲ. ಅದನ್ನು ಪಟ್ಟು ಹಿಡಿದು ತರಿಸಿಕೊಂಡೆ. ಗಂಟಲಿಗೆ ಅಡ್ಡವಿಲ್ಲದೆ ಯಾವ ಮಗುವನ್ನೂ ಬ್ಯಾಟು ಬೀಸುವ ಜಾಗವಾದ ಹೋಂ ಪ್ಲೇಟಿನ ಹಿಂದೆ ಕೂರಿಸುವುದಿಲ್ಲ ಎಂದು ಹೇಳಿದ್ದೆ, ಗಾರ್ಡ್ ಬರುವವರೆಗೆ ಕೂರಿಸಲೂ ಇಲ್ಲ. ಹುಡುಗಿಯರ ಆಟದಲ್ಲಿ ಚೆಂಡು ಎಸೆಯುವ ಪಿಚರ್ ನಿಲ್ಲುವುದು ಅಲ್ಲಿಂದ 43 ಅಡಿ ದೂರದಲ್ಲಿ. ತೋಳನ್ನು ಪೂರ್ತಿ ಸುತ್ತು ತಿರುಗಿಸಿ ಕೆಳಗಿನಿಂದ ಬಿಟ್ಟ ಚೆಂಡು ಬ್ಯಾಟಿನ ಅಂಚಿಗೆ ತಗುಲಿ ದಿಕ್ಕು ಬದಲಿಸಿದರೆ ಕ್ಯಾಚರಿಗೆ ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗುವುದಿಲ್ಲ.

ಈ ಒಂದು ಜೊತೆಯೇ ನಮ್ಮ ಇಡೀ ವೇಳಾಪಟ್ಟಿಯನ್ನು ನಿರ್ಧರಿಸಿತು. ಹಿರಿಯರ ಪಿಚರ್ ಅಭ್ಯಾಸ ಮಾಡುವಾಗ ಕಿರಿಯರ ಪಿಚರ್ ಗೋಡೆಗೆ ಎಸೆಯಬೇಕು. ಕೊನೆಗೆ ಕಿರಿಯರಿಗೆ ಬೆಳಗಿನ ಪ್ರಾರ್ಥನೆಗೆ ಮೊದಲು, ಹಿರಿಯರಿಗೆ ಸಂಜೆ ಎಂದು ಸಮಯ ಬೇರೆ ಮಾಡಿದೆ. ಬಿಸಿಲಿಗೂ ಇದೇ ಒಳ್ಳೆಯದಾಯಿತು. ವಿಜಯಪುರದ ಮಾರ್ಚ್ ತಿಂಗಳಲ್ಲಿ ಪ್ಯಾಡ್ ಕಟ್ಟಿಕೊಂಡು ಮಧ್ಯಾಹ್ನ ಕೂರುವಂತಿಲ್ಲ. ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಬೆಳಗಿನ ಅಭ್ಯಾಸ ತಪ್ಪಿಹೋಗುತ್ತಿತ್ತು, ಅವರನ್ನು ಶನಿವಾರ ಶಾಲೆ ಬಿಟ್ಟ ಮೇಲೆ ಆಡಿಸಿದೆ. ಆಮೇಲೆ ಹಳೆಯ ವಿದ್ಯಾರ್ಥಿನಿಯರು ಕೂಡಿ ಚಿಕ್ಕ ಅಳತೆಯ ಇನ್ನೊಂದು ಜೊತೆ ಕೊಡಿಸಿದರು.

ಚೆಂಡುಗಳ ಬಗ್ಗೆ ದೂರಿಲ್ಲ. 12 ಇಂಚು ಸುತ್ತಳತೆ, ಹಳದಿ ಮೈ, ಕೆಂಪು ಹೊಲಿಗೆ, ನಮ್ಮ ಕಪ್ಪು ನೆಲದ ಮೇಲೆ ದೂರದಿಂದಲೂ ಕಾಣುತ್ತವೆ. ನಿಯಮದ ಪ್ರಕಾರ ತೂಕ ಸುಮಾರು 178ರಿಂದ 198 ಗ್ರಾಂ ಇರಬೇಕು. ಅಂದರೆ ಗಂಡಸರ ಕ್ರಿಕೆಟ್ ಚೆಂಡಿಗಿಂತ ಭಾರ. ‘ರಬ್ಬರ್ ಚೆಂಡಿನ ಆಟವಲ್ಲವೇ ಟೀಚರ್’ ಎಂದು ಕೇಳುವ ಪಾಲಕರ ಕೈಗೆ ನಾನು ಒಂದನ್ನು ಕೊಟ್ಟು ತೂಗಿ ನೋಡಿ ಎನ್ನುತ್ತೇನೆ. ಹೆಲ್ಮೆಟ್ಟಿಗೆ ಯಾಕೆ ಹಣ ಬೇಕು ಎಂದು ಆಮೇಲೆ ಅವರು ಕೇಳುವುದಿಲ್ಲ. ಮಳೆ ಬಿದ್ದ ಮರುದಿನ ಎರೆಮಣ್ಣು ಹೊಲಿಗೆಯೊಳಗೆ ಕೂತುಬಿಡುತ್ತದೆ. ಒದ್ದೆ ಬಟ್ಟೆ ಬೇಡ, ಒಣಗಲು ಬಿಟ್ಟು ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ.

ಬ್ಯಾಟುಗಳು ಅಲ್ಯೂಮಿನಿಯಂ. ನಿಯಮದಲ್ಲಿ ಗರಿಷ್ಠ ಉದ್ದ 34 ಇಂಚು, ದಪ್ಪ ಎರಡೂಕಾಲು ಇಂಚು. ಸೆಟ್ಟಿನವು 33 ಇಂಚಿನವು, ಹಿರಿಯರಿಗೆ ಒಪ್ಪುತ್ತವೆ. ಕಿರಿಯರು ಅವನ್ನು ಬೀಸಿದರೆ ಬ್ಯಾಟೇ ಅವರನ್ನು ಎಳೆದುಕೊಂಡು ಹೋಗುತ್ತದೆ. 30 ಇಂಚಿನ ಎರಡು ಬೇರೆ ಕೊಂಡೆವು.

ಬೇಸುಗಳನ್ನು ಕೊಳ್ಳಲೇಬೇಡಿ. ತೆಳು ರಬ್ಬರ್, ಗಟ್ಟಿ ನೆಲದ ಮೇಲೆ ಜಾರುತ್ತವೆ. 60 ಅಡಿ ಓಡಿಬಂದು ಕಾಲಿಟ್ಟವಳ ಪಾದದ ಕೀಲು ಹೊರಳಿಹೋಗಬಹುದು. ಮೊದಲ ಬೇಸಿಗೆ ಬೇಕಾದ ಜೋಡಿ ಬೇಸ್ ಅಂತೂ ಇರಲೇ ಇಲ್ಲ. ಬಿಳಿಯ ಅರ್ಧ ಕಾಯುವವಳಿಗೆ, ಕಿತ್ತಳೆಯ ಅರ್ಧ ಓಡಿಬರುವವಳಿಗೆ. ಇಬ್ಬರೂ ಡಿಕ್ಕಿ ಹೊಡೆಯದಿರಲೆಂದೇ ಇರುವ ಏರ್ಪಾಡು ಅದು. ಗಾಂಧಿ ಚೌಕದ ಕಡೆ ತಾಡಪತ್ರಿ ಹೊಲಿಯುವವರಲ್ಲಿ ದಪ್ಪ ಕ್ಯಾನ್ವಾಸಿನಿಂದ ಅದನ್ನು ಹೊಲಿಸಿ, ಮೂಲೆಗಳಿಗೆ ಮೊಳೆ ಹೊಡೆಯಲು ಪಟ್ಟಿ ಹಾಕಿಸಿದೆ. ಕೊಂಡದ್ದಕ್ಕಿಂತ ಇದೇ ಬಾಳಿಕೆ ಬಂತು.

ಗ್ಲೌಸಿನ ಲೇಸುಗಳು ಹಂಗಾಮಿನ ನಡುವೆ ಹರಿಯತೊಡಗಿದವು. ಅಂಗಡಿಯವರು ಹೊಸದನ್ನು ಕೊಳ್ಳಿ ಎಂದರು. ಅಥಣಿ ಕಡೆಯಿಂದ ಬಂದು ಇಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿಗೆ ಅವನ್ನು ಒಯ್ದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ. ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿಯುವುದು ಆ ಕುಶಲಕರ್ಮಿಗಳಿಗೆ ತಲೆಮಾರಿನ ವಿದ್ಯೆ. ಗ್ಲೌಸನ್ನು ಅವರು ಹಿಂದೆಂದೂ ನೋಡಿರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, ‘ಇದು ಯಾವ ಕೆಲಸಕ್ಕೆ ಟೀಚರ್?’ ಎಂದು ಕೇಳಿದರು. ‘ಚೆಂಡು ಹಿಡಿಯುವುದಕ್ಕೆ ಕಾಕಾ’ ಎಂದೆ. ಒಂದು ಚೆಂಡನ್ನೂ ತರಿಸಿಕೊಂಡರು. ಹಳೆಯ ಲೇಸು ಹೋಗಿದ್ದ ದಾರಿಯನ್ನೇ ಹಿಡಿದು, ಎಮ್ಮೆ ಚರ್ಮದ ದಾರವನ್ನು ತೆಳುವಾಗಿ ಸೀಳಿ, ಎಣ್ಣೆ ತಿನ್ನಿಸಿ ಪೋಣಿಸಿದರು. ಚೆಂಡನ್ನು ಜಾಲರಿಗೆ ಒತ್ತಿ ಒತ್ತಿ ಬಿಗಿ ನೋಡಿದರು. ಅವರು ಕಟ್ಟಿದ ಒಂದು ಗಂಟೂ ಇದುವರೆಗೆ ಸಡಿಲವಾಗಿಲ್ಲ. ಕಿರಿಯರ ಎರಡು ಗ್ಲೌಸುಗಳ ಮಣಿಕಟ್ಟಿಗೆ ಬಕಲ್ ಹಾಕಿ ಅಳತೆಯನ್ನೂ ತಗ್ಗಿಸಿಕೊಟ್ಟರು. ಈ ಹಂಗಾಮಿನಲ್ಲಿ ನಾವು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಇದು. ಹರಿದ ಗ್ಲೌಸುಗಳನ್ನು ಕೊಠಡಿಯ ಮೂಲೆಗೆ ಎಸೆದಿರುವ ಶಾಲೆಗಳು ದಯವಿಟ್ಟು ಮೊದಲು ತಮ್ಮೂರಿನ ಚಪ್ಪಲಿ ಹೊಲಿಯುವವರನ್ನು ಕಾಣಲಿ.

ಅಂಗಡಿಯ ಸೇವೆಯ ಬಗ್ಗೆ: ಮಾತು ಮರ್ಯಾದೆಯದು, ರಸೀದಿ ಸರಿಯಾಗಿ ಕೊಟ್ಟರು, ಒಡೆದು ಬಂದ ಒಂದು ಹೆಲ್ಮೆಟ್ಟನ್ನು ತಕರಾರಿಲ್ಲದೆ ಬದಲಿಸಿದರು. ತಡ ಮಾಡುವುದು ಮತ್ತು ಅಳತೆ ಕೇಳದೇ ಕಳಿಸುವುದು ಅವರ ದೊಡ್ಡ ಕೊರತೆಗಳು. ಮುಂದಿನ ಬಾರಿ ನಾನು ಸೆಟ್ಟನ್ನು ಕೊಳ್ಳುವುದಿಲ್ಲ. ಚೆಂಡು, ಹಿರಿಯರ ಬ್ಯಾಟು, ಹೆಲ್ಮೆಟ್ಟು ಅವರಲ್ಲೇ ಬಿಡಿಬಿಡಿಯಾಗಿ ತರಿಸುತ್ತೇನೆ. ಗ್ಲೌಸುಗಳಿಗೆ ಬೇಡಿಕೆ ಪತ್ರ ಈಗಾಗಲೇ ಬರೆದಿದ್ದೇನೆ: 11 ಮತ್ತು 11.5 ಇಂಚಿನವು ಕಿರಿಯರಿಗೆ, ಅವುಗಳಲ್ಲಿ ಎರಡು ಬಲಗೈಗೆ ಹಾಕುವಂಥವು. ಹಿರಿಯರ ಪಟ್ಟಿ ಅದರ ಕೆಳಗಿದೆ.