ಟ್ರ್ಯಾಕ್ ದಿನಗಳಿಗೆ ಆರು ಪಾಯಿಂಟ್ ಹಾರ್ನೆಸ್: ಎರಡು ಸಲ ಕೂರಿಸಿದ ಮೇಲೆ

ಎರಡು ಸೀಟಿನ ನನ್ನ ಸ್ಪೋರ್ಟ್ಸ್ ಕಾರಿಗೆ ಆರು ಪಾಯಿಂಟ್ ರೇಸಿಂಗ್ ಹಾರ್ನೆಸ್ (ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ತೊಡೆಗಳ ನಡುವೆ ಎರಡು ಪಟ್ಟಿಗಳಿಂದ ದೇಹವನ್ನು ಸೀಟಿಗೆ ಬಿಗಿಯುವ ಬೆಲ್ಟ್) ಹಾಕಿಸಿ ಒಂಬತ್ತು ಟ್ರ್ಯಾಕ್ ದಿನಗಳನ್ನು, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಗಳನ್ನು, ಮುಗಿಸಿದ್ದೇನೆ. ಎಫ್‌ಐಎ (ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) 8853-2016 ಮಾನದಂಡದ ಲೇಬಲ್ ಹೊತ್ತ, 2 ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿಗಳೂ ತಿರುಗಿಸಿ ಬಿಚ್ಚುವ ಬಕಲ್ಲೂ ಇರುವ ಸೆಟ್ ಅದು. ಹೊಲಿಗೆ ಅಚ್ಚುಕಟ್ಟಾಗಿದೆ, ಕೈಗವಸು ಹಾಕಿಕೊಂಡಿದ್ದರೂ ಬಕಲ್ ಸಲೀಸಾಗಿ ತಿರುಗುತ್ತದೆ, ಒಮ್ಮೆ ಬಿಗಿದರೆ ಇಡೀ ಸೆಷನ್ ಮುಗಿಯುವವರೆಗೆ ಪಟ್ಟಿ ಸಡಿಲವಾಗುವುದಿಲ್ಲ. ಆದರೆ ಇದೇ ಸೆಟ್ ಮೊದಲ ಎರಡು ದಿನಗಳಲ್ಲಿ, ತಪ್ಪಾಗಿ ಕೂರಿಸಿದ ಒಂದೇ ಕಾರಣಕ್ಕೆ, ಕಾರಿನ ಮೂಲ ಸೀಟ್‌ಬೆಲ್ಟ್‌ಗಿಂತ ಅಪಾಯಕಾರಿಯಾಗಿತ್ತು. ಆದ್ದರಿಂದ ಪಟ್ಟಿಗಿಂತ ಜೋಡಣೆಯ ಬಗ್ಗೆಯೇ ಹೆಚ್ಚು ಬರೆಯುತ್ತಿದ್ದೇನೆ.

ಮೂಲ ಬೆಲ್ಟನ್ನು ಕೀಳಾಗಿ ಕಾಣುವ ಉದ್ದೇಶ ನನಗಿಲ್ಲ. 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಪಾಯಿಂಟ್ ಬೆಲ್ಟ್ ರಸ್ತೆಯ ಮಟ್ಟಿಗೆ ಇಂದಿಗೂ ಸರಿಯಾದ ಸಾಧನ. ಟ್ರ್ಯಾಕಿನಲ್ಲಿ ಅದರ ಕೊರತೆ ಬೇರೆ ಬಗೆಯದು. ಉದ್ದನೆಯ ತಿರುವಿನಲ್ಲಿ ದೇಹ ಪಕ್ಕಕ್ಕೆ ಜಾರುತ್ತದೆ, ಮೊಣಕಾಲನ್ನು ಬಾಗಿಲಿಗೆ ಒತ್ತಿ ಹಿಡಿಯಬೇಕಾಗುತ್ತದೆ, ಸ್ಟಿಯರಿಂಗನ್ನು ತಿರುಗಿಸಬೇಕಾದ ಕೈಗಳು ಅದನ್ನೇ ಆಸರೆಯಾಗಿ ಹಿಡಿದು ತೂಗಾಡತೊಡಗುತ್ತವೆ. ಹಾರ್ನೆಸ್ ಹಾಕಿಸಬೇಕೆಂದು ನನಗೆ ಅನ್ನಿಸಿದ್ದು ಈ ಕಾರಣಕ್ಕೆ.

ಮೊದಲು ಕೆಲಸ ಒಪ್ಪಿಸಿದ ಗ್ಯಾರೇಜಿನವರು ಮೂಲ ಸೀಟನ್ನು ಹಾಗೆಯೇ ಉಳಿಸಿ, ಭುಜದ ಪಟ್ಟಿಗಳನ್ನು ಒರಗಿನ ಮೇಲಿಂದ ಇಳಿಬಿಟ್ಟು ಹಿಂಬದಿಯ ನೆಲಕ್ಕೆ ಬಿಗಿದರು. ಸೀಟಿನಲ್ಲಿ ತೊಡೆಗಳ ನಡುವಿನ ಪಟ್ಟಿಗಳಿಗೆ ರಂಧ್ರವಿರಲಿಲ್ಲವಾದ್ದರಿಂದ ಅವೆರಡನ್ನೂ ಸುತ್ತಿ ಸೀಟಿನ ಕೆಳಗೆ ಸೇರಿಸಿಬಿಟ್ಟರು. ಆರು ಪಾಯಿಂಟ್ ಹಾರ್ನೆಸ್ ನನಗೆ ಗೊತ್ತೇ ಆಗದಂತೆ ನಾಲ್ಕು ಪಾಯಿಂಟ್ ಆಗಿತ್ತು. ಎರಡನೆಯ ಟ್ರ್ಯಾಕ್ ದಿನ ಪಿಟ್ ಲೇನಿನಲ್ಲಿ ತರಬೇತುದಾರರೊಬ್ಬರು ಕಿಟಕಿಯೊಳಗೆ ಕೈ ಚಾಚಿ, ಸೊಂಟದ ಪಟ್ಟಿ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿ, ಭುಜದ ಪಟ್ಟಿಯನ್ನು ಬಲವಾಗಿ ಎಳೆದರು. ಬಕಲ್ ಮೇಲಕ್ಕೆ ಬಂತು, ಅದರೊಂದಿಗೆ ಸೊಂಟದ ಪಟ್ಟಿಯೂ ನಾಲ್ಕು ಬೆರಳಿನಷ್ಟು ಮೇಲೇರಿ ಕಿಬ್ಬೊಟ್ಟೆಯ ಮೆತ್ತನೆಯ ಭಾಗಕ್ಕೆ ಬಂದು ಕೂತಿತು. ಡಿಕ್ಕಿಯಾದರೆ ದೇಹ ಆ ಪಟ್ಟಿಯ ಅಡಿಯಿಂದ ಮುಂದಕ್ಕೆ ನುಸುಳುತ್ತದೆ, ಸೊಂಟದ ಮೂಳೆ ತಡೆಯಬೇಕಾದ ಹೊಡೆತವನ್ನು ಒಳಗಿನ ಅಂಗಗಳು ತಿನ್ನುತ್ತವೆ. ತೊಡೆಗಳ ನಡುವಿನ ಪಟ್ಟಿಗಳು ಇರುವುದು ಬಕಲನ್ನು ಕೆಳಗೆ ಹಿಡಿದಿಟ್ಟು ಇದನ್ನು ತಪ್ಪಿಸುವುದಕ್ಕೇ.

ಭುಜದ ಪಟ್ಟಿಯ ಕೋನವೂ ಅಷ್ಟೇ ಗಂಭೀರವಾದ ತಪ್ಪು. ಎಫ್‌ಐಎ ನಿಯಮಾವಳಿಯ ಅನುಬಂಧ ಜೆ ಪ್ರಕಾರ ಒರಗಿನ ತುದಿಯಿಂದ ಹಿಂದಕ್ಕೆ ಇಳಿಯುವ ಪಟ್ಟಿ ಸಮತಲಕ್ಕೆ 45 ಡಿಗ್ರಿ ಮೀರಬಾರದು, 10 ಡಿಗ್ರಿಯೊಳಗಿದ್ದರೆ ಉತ್ತಮ. ನನ್ನ ಕಾರಿನಲ್ಲಿ ಅಳೆದಾಗ 60ರ ಆಸುಪಾಸಿನಲ್ಲಿತ್ತು. ಹೀಗೆ ಕಡಿದಾಗಿ ಇಳಿದ ಪಟ್ಟಿ ಡಿಕ್ಕಿಯ ಹೊತ್ತಿಗೆ ಭುಜಗಳನ್ನು ಹಿಂದಕ್ಕೆ ಹಿಡಿಯುವ ಬದಲು ಕೆಳಕ್ಕೆ ಜಗ್ಗುತ್ತದೆ, ಆ ಬಲವೆಲ್ಲ ಬೆನ್ನುಮೂಳೆಯನ್ನು ಅದುಮುತ್ತದೆ. ಆ ದಿನ ಉಳಿದ ಸೆಷನ್‌ಗಳನ್ನು ನಾನು ಮೂಲ ಬೆಲ್ಟ್ ಹಾಕಿಕೊಂಡೇ ಓಡಿಸಿದೆ.

ಎರಡನೆಯ ಸಲ ರೇಸ್ ಕಾರುಗಳ ಕೆಲಸವನ್ನೇ ಮಾಡುವ ಫಿಟ್ಟರ್ ಒಬ್ಬರ ಬಳಿಗೆ ಹೋದೆ. ಅವರು ಹಾರ್ನೆಸನ್ನು ಮುಟ್ಟುವ ಮೊದಲು ರೋಲ್ ಬಾರ್ (ಕಾರು ಪಲ್ಟಿಯಾದರೆ ಛಾವಣಿಯನ್ನು ಹೊರುವ ಉಕ್ಕಿನ ಕಮಾನು) ಹಾಕಿಸುತ್ತೀರಾ ಎಂದು ಕೇಳಿದರು. ಕಾರು ಪಲ್ಟಿಯಾಗಿ ಮೇಲ್ಛಾವಣಿ ಕುಸಿದರೆ ಮೂರು ಪಾಯಿಂಟ್ ಬೆಲ್ಟಿನಲ್ಲಿರುವವನ ದೇಹ ಪಕ್ಕಕ್ಕೆ ವಾಲಬಹುದು, ಹಾರ್ನೆಸ್ಸಿನಲ್ಲಿರುವವನು ನೆಟ್ಟಗೆ ಕೂತೇ ಇರಬೇಕಾಗುತ್ತದೆ. ಸೀಟುಗಳ ಹಿಂದೆ ಅಡ್ಡಲಾಗಿ ಕೂರಿಸುವ ಬರೀ ಹಾರ್ನೆಸ್ ಬಾರ್ ಪಟ್ಟಿ ಕಟ್ಟಲು ಆಗುತ್ತದೆಯೇ ಹೊರತು ಛಾವಣಿಯನ್ನು ಹೊರುವುದಿಲ್ಲ. ಹಾಗಾಗಿ ರೋಲ್ ಬಾರ್, ಅದಕ್ಕೆ ಭುಜದ ಎತ್ತರದಲ್ಲಿ ಬೆಸೆದ ಅಡ್ಡಕೊಳವೆ, ಪಟ್ಟಿಗಳಿಗೆ ರಂಧ್ರಗಳಿರುವ ಗಟ್ಟಿ ಒರಗಿನ ಬಕೆಟ್ ಸೀಟು, ಇವೆಲ್ಲ ಒಂದರ ಹಿಂದೆ ಒಂದು ಬಂದವು. ಸೊಂಟದ ಮತ್ತು ತೊಡೆಯ ಪಟ್ಟಿಗಳಿಗೆ 7/16 ಇಂಚಿನ ಐ ಬೋಲ್ಟ್‌ಗಳನ್ನು ಹಾಕಿ, ನೆಲದ ತಗಡನ್ನು ಕೊರೆದ ಕಡೆಗಳಲ್ಲಿ ಅಡಿಯಿಂದ 3 ಮಿಲಿಮೀಟರ್ ದಪ್ಪದ, 40 ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಉಕ್ಕಿನ ತಗಡುಗಳನ್ನು ಆಸರೆಯಾಗಿ ಕೊಟ್ಟರು. ಭುಜದ ಪಟ್ಟಿಯನ್ನು ಕೊಳವೆಗೆ ಸುತ್ತಿ ಮೂರು ಅಡ್ಡಕಂಬಿಯ ಕೊಂಡಿಯಲ್ಲಿ ಪೋಣಿಸಿದ ಮೇಲೆ, ತುದಿಯನ್ನು ಮತ್ತೊಮ್ಮೆ ಹಿಂದಿರುಗಿಸಿ ಅದೇ ಕೊಂಡಿಯೊಳಗೆ ತೂರಿಸಿ, 10 ಸೆಂಟಿಮೀಟರ್ ಬಾಲ ಉಳಿಸಿದರು. ಆ ಕೊನೆಯ ಮಡಿಕೆಯಿಲ್ಲದಿದ್ದರೆ ಜಗ್ಗಿದಾಗ ಪಟ್ಟಿ ಜಾರಿ ಬರುತ್ತದೆ. ಮೊದಲಿನವರು ಆ ಮಡಿಕೆಯನ್ನೂ ಹಾಕಿರಲಿಲ್ಲ.

ಮೂಲ ಸೀಟು ಹೋದಾಗ ಅದರೊಳಗಿನ ಪಕ್ಕದ ಏರ್‌ಬ್ಯಾಗೂ ಹೋಯಿತು. ಇದು ನಿಜವಾದ ನಷ್ಟವೇ, ಲೆಕ್ಕಕ್ಕೆ ಹಿಡಿಯಲೇಬೇಕು. ಮೂರು ಪಾಯಿಂಟ್ ಬೆಲ್ಟನ್ನು ಮಾತ್ರ ಅದರ ಜಾಗದಲ್ಲೇ ಉಳಿಸಿಕೊಂಡು, ರಸ್ತೆಯಲ್ಲಿ ಅದನ್ನೇ ಬಳಸುತ್ತೇನೆ.

ಇನ್ನೊಂದು ಖರ್ಚು ತಪ್ಪಿಸಿಕೊಳ್ಳುವಂಥದ್ದಲ್ಲ. ಎದೆಯನ್ನು ಹಾರ್ನೆಸ್ ಹಿಡಿದು ನಿಲ್ಲಿಸಿದಾಗ ಹೆಲ್ಮೆಟ್ಟಿನ ಭಾರ ಹೊತ್ತ ತಲೆಯೊಂದೇ ಮುಂದಕ್ಕೆ ಎಸೆಯಲ್ಪಟ್ಟು, ತಲೆಬುರುಡೆಯ ತಳದ ಮೂಳೆ ಮುರಿಯುವ ಅಪಾಯವಿರುತ್ತದೆ. 2001ರಲ್ಲಿ ಅಮೆರಿಕದ ಡೇಟೋನಾ ರೇಸಿನಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡದ್ದು ಇಂಥ ಗಾಯದಿಂದ. ಫಾರ್ಮುಲಾ ಒನ್ 2003ರಿಂದ ಹ್ಯಾನ್ಸ್ ಸಾಧನವನ್ನು ಕಡ್ಡಾಯಗೊಳಿಸಿತು. ಹೆಗಲ ಮೇಲೆ ಕೂತು ಹೆಲ್ಮೆಟ್ಟನ್ನು ಎರಡು ಬಳ್ಳಿಗಳಿಂದ ಹಿಡಿಯುವ ಈ ಸಾಧನವಿಲ್ಲದೆ ನಾನು ಹಾರ್ನೆಸ್ ಬಿಗಿಯುವುದೇ ಇಲ್ಲ.

ಬಿಗಿಯುವ ಕ್ರಮವೂ ಮುಖ್ಯ. ಮೊದಲು ಸೊಂಟದ ಪಟ್ಟಿಯನ್ನು ತೊಡೆಯ ಸಂದಿಗೆ ತಗುಲುವಷ್ಟು ಕೆಳಗಿಟ್ಟು, ಉಸಿರು ಬಿಟ್ಟು ಬಿಗಿಯಬೇಕು, ಭುಜದ್ದು ಆಮೇಲೆ. ಸರಿಯಾಗಿ ಬಿಗಿದು ಹೊರಟ ಮೊದಲ ಸುತ್ತಿನಲ್ಲೇ ಕೈಗಳು ಹಗುರವಾದವು. ಹಿಂದಿನ ಚಕ್ರ ಜಾರಲು ಶುರುವಾದದ್ದು ಬೆನ್ನಿಗೆ ತಿಳಿಯುತ್ತದೆ, ಬ್ರೇಕನ್ನು ಬಲವಾಗಿ ಒತ್ತಿದಾಗ ಪಾದ ದೇಹದ ಭಾರ ಹೊರಬೇಕಾಗಿಲ್ಲವಾದ್ದರಿಂದ ಒತ್ತಡವನ್ನು ನವಿರಾಗಿ ಸಡಿಲಿಸಲು ಸಾಧ್ಯವಾಗುತ್ತದೆ. ಇಷ್ಟಕ್ಕಾಗಿ ಇದೆಲ್ಲ ಮಾಡಿದ್ದು ಸಾರ್ಥಕವೆಂದೇ ನನ್ನ ಅಭಿಪ್ರಾಯ.

ಸೆಟ್ಟಿನಲ್ಲಿ ನನಗೆ ಹಿಡಿಸದಿರುವುದು ಸೊಂಟದ ಪಟ್ಟಿಯನ್ನು ಕೆಳಮುಖವಾಗಿ ಎಳೆದು ಬಿಗಿಯುವ ಏರ್ಪಾಡು. ಬಕೆಟ್ ಸೀಟಿನ ಎತ್ತರದ ಅಂಚುಗಳ ನಡುವೆ ಮೊಣಕೈ ಆಡುವುದಿಲ್ಲ. ಮೇಲ್ಮುಖವಾಗಿ ಎಳೆಯುವ ಮಾದರಿಯೂ ಸಿಗುತ್ತದೆ, ಬಕೆಟ್ ಸೀಟಿರುವವರು ಅದನ್ನೇ ಕೇಳಿ ತೆಗೆದುಕೊಳ್ಳಿ. ಕೊಳ್ಳುವಾಗ ಲೇಬಲ್ಲಿನ ಮೇಲಿನ ವರ್ಷವನ್ನೂ ನೋಡಿ: ಎಫ್‌ಐಎ ಲೇಬಲ್ಲಿನಲ್ಲಿ ಮಾನ್ಯತೆ ಮುಗಿಯುವ ವರ್ಷ ಅಚ್ಚಾಗಿರುತ್ತದೆ, ಎಸ್‌ಎಫ್‌ಐ 16.1 (ಅಮೆರಿಕದ ಸುರಕ್ಷತಾ ಮಾನದಂಡ) ಲೇಬಲ್ ಇದ್ದರೆ ತಯಾರಾದ ದಿನದಿಂದ ಎರಡೇ ವರ್ಷ. ಅಂಗಡಿಯ ಕಪಾಟಿನಲ್ಲಿ ಕಳೆದ ಕಾಲವೂ ಅದರಲ್ಲೇ ಸೇರುತ್ತದೆ. ರೋಲ್ ಬಾರ್ ಹಾಕಿಸುವ ಮನಸ್ಸಿಲ್ಲದವರಿಗೆ ನಾನು ಈ ಸೆಟ್ಟನ್ನು ಶಿಫಾರಸು ಮಾಡುವುದಿಲ್ಲ, ಅವರು ಮೂಲ ಬೆಲ್ಟಿನಲ್ಲೇ ಓಡಿಸಲಿ. ನನ್ನ ಪಕ್ಕದ ಸೀಟಿಗೂ ಮುಂದಿನ ತಿಂಗಳು ಇದೇ ಜೋಡಣೆಯಾಗಲಿದೆ, ಪಕ್ಕದಲ್ಲಿ ಕೂರುವ ತರಬೇತುದಾರರಿಗೂ ಅಷ್ಟೇ ರಕ್ಷಣೆ ಸಿಗಬೇಕು.