ನಿಧಾನದ ಲ್ಯಾಪ್‌ಟಾಪಿಗೆ ಮಾಡಿದ ಮದ್ದುಗಳು: ಯಾವುದು ನಾಟಿತು, ಯಾವುದು ದಂಡ

ಬೆಳಿಗ್ಗೆ ಲ್ಯಾಪ್‌ಟಾಪಿನ ಬಟನ್ ಒತ್ತಿ ಅಡುಗೆಮನೆಗೆ ಹೋಗುತ್ತಿದ್ದೆ. ಹಾಲು ಕಾಯಿಸಿ, ಡಿಕಾಕ್ಷನ್ ಬೆರೆಸಿ, ಲೋಟ ಹಿಡಿದು ಬಂದರೂ ಪರದೆಯ ಮೇಲೆ ಇನ್ನೂ ಚಕ್ರ ತಿರುಗುತ್ತಿರುತ್ತಿತ್ತು. ಒಂದು ದಿನ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ ನೋಡಿದೆ. ಕನ್ನಡ ಬರೆಯುವ ನುಡಿ ಸಾಫ್ಟ್‌ವೇರ್ ತೆರೆದು ಮೊದಲ ಅಕ್ಷರ ಕುಟ್ಟುವ ಹೊತ್ತಿಗೆ 4 ನಿಮಿಷ 10 ಸೆಕೆಂಡ್ ಆಗಿತ್ತು.

2016ರಲ್ಲಿ ಕೊಂಡ ಯಂತ್ರ ಅದು. ಐ3 5005ಯು ಪ್ರೊಸೆಸರ್, 4 ಜಿಬಿ ರ‍್ಯಾಮ್ (ತೆರೆದ ಕೆಲಸಗಳನ್ನು ಇಟ್ಟುಕೊಳ್ಳುವ ಮೆಮೊರಿ), 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ನನ್ನ ಕೆಲಸ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವುದು. ಗೇಮ್ ಇಲ್ಲ, ವಿಡಿಯೊ ಎಡಿಟಿಂಗ್ ಇಲ್ಲ. ಇಷ್ಟಕ್ಕೇ ಇದು ಏದುಸಿರು ಬಿಡುತ್ತಿತ್ತು. ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ನನ್ನ ತಮ್ಮ ರ‍್ಯಾಮ್ ಹಾಕಿಸು ಅಂದ, ಪ್ರೆಸ್ಸಿನವರು ಫಾರ್ಮ್ಯಾಟ್ ಅಂದರು, ಪಕ್ಕದ ಮನೆ ಹುಡುಗ ಒಂದು ಕ್ಲೀನರ್ ಸಾಫ್ಟ್‌ವೇರ್ ಹಾಕಿಕೊಟ್ಟೇಬಿಟ್ಟ. ಸರಿ, ಎಲ್ಲವನ್ನೂ ಒಂದೊಂದಾಗಿ ಮಾಡಿ ನೋಡೋಣ ಅಂತ ಒಂದು ಹಳೇ ಡೈರಿ ತೆಗೆದುಕೊಂಡೆ. 2024ರ ಬೇಸಿಗೆ ಪೂರ್ತಿ ಇದೇ ಆಯಿತು.

ಅಳತೆ ಬಗ್ಗೆ ಒಂದು ಮಾತು. ಶಟ್‌ಡೌನ್ ಮಾಡಿ ಮತ್ತೆ ಹಾಕುವುದೂ ರೀಸ್ಟಾರ್ಟ್ ಮಾಡುವುದೂ ಒಂದೇ ಅಂದುಕೊಂಡಿದ್ದೆ. ಅಲ್ಲವಂತೆ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಶಟ್‌ಡೌನ್ ಒತ್ತಿದರೂ ವಿಂಡೋಸಿನ ಒಳತಿರುಳನ್ನು ಡಿಸ್ಕಿಗೆ ಬರೆದಿಟ್ಟುಕೊಂಡು ಮಾರನೇ ದಿನ ಅದನ್ನೇ ಎತ್ತಿಕೊಳ್ಳುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಕೊಟ್ಟಾಗ ಮಾತ್ರ. ತಿಂಗಳುಗಟ್ಟಲೆ ಬರೀ ಶಟ್‌ಡೌನ್ ಮಾಡುವವರು ಮೊದಲು ಒಂದು ಸಲ ರೀಸ್ಟಾರ್ಟ್ ಕೊಟ್ಟು ನೋಡಿ, ಎಷ್ಟೋ ಕಿರಿಕಿರಿ ಅಲ್ಲಿಗೇ ಹೋಗುತ್ತದೆ. ನಾನು ಡೈರಿಯಲ್ಲಿ ಬರೆದದ್ದೆಲ್ಲ ರೀಸ್ಟಾರ್ಟ್ ಲೆಕ್ಕ.

ಕ್ಲೀನರ್ ಮತ್ತು ಸ್ಟಾರ್ಟಪ್

ಕ್ಲೀನರಿನದು ಬೇಗ ಹೇಳಿ ಮುಗಿಸುತ್ತೇನೆ. ಸ್ಕ್ಯಾನ್ ಮಾಡಿ "ಸಾವಿರಕ್ಕೂ ಜಾಸ್ತಿ ತೊಂದರೆ ಇದೆ" ಅಂತ ಕೆಂಪು ಅಕ್ಷರದಲ್ಲಿ ಹೆದರಿಸಿತು. ಸರಿಮಾಡಲು ದುಡ್ಡು ಕೇಳಿತು. ಆ ತೊಂದರೆಗಳಲ್ಲಿ ಮುಕ್ಕಾಲು ಪಾಲು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಕಡತದಲ್ಲಿ, ಉಳಿದ ಹಳೇ ಸಾಲುಗಳು. ಅವು ಇದ್ದರೂ ಒಂದೇ, ಹೋದರೂ ಒಂದೇ. ಮೇಲಿಂದ ಈ ಸಾಫ್ಟ್‌ವೇರೇ ಲ್ಯಾಪ್‌ಟಾಪ್ ಏಳುವಾಗ ತಾನೂ ಎದ್ದು ಕೂರುತ್ತಿತ್ತು. ಸಮಯ 4 ನಿಮಿಷ 20 ಸೆಕೆಂಡ್. ಮದ್ದು ಕೊಟ್ಟ ಮೇಲೆ ಜ್ವರ ಏರಿತು ಅಂದ ಹಾಗಾಯಿತು.

ಆ ಹುಡುಗ ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರಿನ ಜೊತೆ ಪ್ರಿಫೆಚ್ ಫೋಲ್ಡರನ್ನೂ ಖಾಲಿ ಮಾಡಿದ್ದ. ಟೆಂಪ್ ಅಳಿಸಿದ್ದು ತಪ್ಪಲ್ಲ, ಜಾಗ ಸಿಗುತ್ತದೆ. ಪ್ರಿಫೆಚ್ ಹಾಗಲ್ಲ. ಯಾವ ಪ್ರೋಗ್ರಾಂ ತೆರೆಯಲು ಏನೇನು ಬೇಕು ಅಂತ ವಿಂಡೋಸ್ ಬರೆದಿಟ್ಟುಕೊಂಡ ಚೀಟಿಗಳು ಅಲ್ಲಿರುತ್ತವೆ. ಅದನ್ನು ಎಸೆದರೆ ಮುಂದಿನ ಸಲ ತೆರೆಯುವುದು ಇನ್ನೂ ನಿಧಾನ.

ಕ್ಲೀನರನ್ನು ಕಿತ್ತುಹಾಕಿ ಟಾಸ್ಕ್ ಮ್ಯಾನೇಜರ್ ತೆರೆದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಸ್ಟಾರ್ಟಪ್ ಅನ್ನುವ ಕಡೆ ನೋಡಿದರೆ 11 ಪ್ರೋಗ್ರಾಂಗಳು ಸಾಲಾಗಿ ನಿಂತಿದ್ದವು. ಎಂದೋ ಮಾರಿದ ಪ್ರಿಂಟರಿನದು, ಒಂದು ಸಲ ಮಾತ್ರ ಬಳಸಿದ ಮೀಟಿಂಗ್ ಆ್ಯಪಿನದು, ಗಡುವು ಮುಗಿದ ಒಂದು ಆಂಟಿವೈರಸ್. 8ನ್ನು ಡಿಸೇಬಲ್ ಮಾಡಿದೆ. ಆಂಟಿವೈರಸ್ಸನ್ನು ಅನ್‌ಇನ್‌ಸ್ಟಾಲ್ ಮಾಡಿದೆ, ವಿಂಡೋಸಿನದೇ ಡಿಫೆಂಡರ್ ತಾನಾಗಿ ಕೆಲಸಕ್ಕೆ ಬಂತು. 3 ನಿಮಿಷ 5 ಸೆಕೆಂಡಿಗೆ ಇಳಿಯಿತು. ಖರ್ಚು ಸೊನ್ನೆ. ಕಾಫಿ ಆರುವ ಮೊದಲೇ ಮುಗಿದ ಕೆಲಸ.

ಫಾರ್ಮ್ಯಾಟ್

ಇದಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು. ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿ, ವಿಂಡೋಸ್ ಹೊಸದಾಗಿ ಹಾಕಿ, ನುಡಿ, ಫಾಂಟುಗಳು, ಪ್ರಿಂಟರ್ ಡ್ರೈವರ್ ಎಲ್ಲ ಮತ್ತೆ ಕೂರಿಸಬೇಕು. ಸಂಜೆ ಅಳೆದರೆ 1 ನಿಮಿಷ 50 ಸೆಕೆಂಡ್. ಖುಷಿಯಾಗಿ ತಮ್ಮನಿಗೆ ಫೋಟೊ ಕಳಿಸಿದೆ. ಮೂರು ವಾರ ಕಳೆಯಿತು. ಅಪ್‌ಡೇಟುಗಳು ಬಂದವು, ಬ್ರೌಸರ್ ತುಂಬಿತು. ಮತ್ತೆ ಅಳೆದರೆ 2 ನಿಮಿಷ 40. ಹಬ್ಬಕ್ಕೆ ಸುಣ್ಣ ಬಳಿದಂತೆ, ಅಷ್ಟೆ.

ಆಗಲೇ ನಾನು ಟಾಸ್ಕ್ ಮ್ಯಾನೇಜರನ್ನು ಸರಿಯಾಗಿ ನೋಡಿದ್ದು. ಪ್ರೊಸೆಸರ್ 15% ಕೂಡ ದುಡಿಯುತ್ತಿಲ್ಲ. ಡಿಸ್ಕ್ ಕಾಲಂ ಮಾತ್ರ 100%, ಕೆಂಪು. ಆದರೆ ಓದುತ್ತಿರುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ! ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಇದು. ದೊಡ್ಡ ಫೈಲ್ ಒಂದನ್ನು ಸಲೀಸಾಗಿ ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲಿ ಕಾಪಿ ಮಾಡುತ್ತದೆ. ವಿಂಡೋಸ್ ಏಳುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಸಣ್ಣ ಚೂರುಗಳು. ಪ್ರತಿ ಚೂರಿಗೂ ಒಳಗಿನ ಮುಳ್ಳು ಹೋಗಿ ಬಂದು ಮಾಡಬೇಕು. ಬಾವಿ ತುಂಬಾ ನೀರಿದೆ, ಆದರೆ ಸೇದುತ್ತಿರುವುದು ಒಂದೊಂದೇ ಲೋಟ.

ರ‍್ಯಾಮೋ ಎಸ್‌ಎಸ್‌ಡಿಯೋ

ಇಷ್ಟು ನೋಡಿದ ಮೇಲೂ ಮೊದಲು ಕೊಂಡದ್ದು ರ‍್ಯಾಮ್. ತಮ್ಮ ಹೇಳಿದ್ದ, ಮತ್ತೆ ಆಗ ಅದು ಅಗ್ಗವಿತ್ತು. ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯ ಒಂದು ಅಂಗಡಿಯಲ್ಲಿ 900 ರೂಪಾಯಿಗೆ 4 ಜಿಬಿ ತುಂಡು ತಂದೆ. ಹಾಕಿದರೆ ಯಂತ್ರ ಏಳಲೇ ಇಲ್ಲ. ಕಪ್ಪು ಪರದೆ. ಹೆದರಿ ಬೆವರಿದೆ. ಆಮೇಲೆ ಗೊತ್ತಾಯಿತು, ನನ್ನದಕ್ಕೆ ಬೇಕಾದದ್ದು ಡಿಡಿಆರ್3ಎಲ್, 1.35 ವೋಲ್ಟಿನದು. ಅವರು ಕೊಟ್ಟದ್ದು ಎಲ್ ಇಲ್ಲದ 1.5 ವೋಲ್ಟಿನ ಡಿಡಿಆರ್3. ನೋಡಲು ಎರಡೂ ಒಂದೇ ಥರ. ಮುಂದಿನ ವಾರ ಬದಲಿಸಿಕೊಂಡು ಬಂದೆ. "ಅಕ್ಕಾ, ಹಳೇದನ್ನ ಬಿಚ್ಚಿ ತಂದಿದ್ರೆ ನೋಡೇ ಕೊಡ್ತಿದ್ದೆ" ಅಂದ ಅಂಗಡಿಯ ಹುಡುಗ. ಅದು ಸರಿಯೇ. ನೀವು ಹೋಗುವಾಗ ಇರುವ ತುಂಡನ್ನೇ ಕೈಯಲ್ಲಿ ಹಿಡಿದು ಹೋಗಿ.

8 ಜಿಬಿ ಆದ ಮೇಲೆ ಏಳುವ ಸಮಯ 2 ನಿಮಿಷ 35 ಸೆಕೆಂಡ್. ಅಂದರೆ ಉಳಿದದ್ದು 5 ಸೆಕೆಂಡ್. 900 ರೂಪಾಯಿಗೆ 5 ಸೆಕೆಂಡ್ ಅಂತ ಹೊಟ್ಟೆ ಉರಿಯಿತು. ಆದರೆ ಕೆಲಸಕ್ಕೆ ಕೂತಾಗ ಬೇರೆಯೇ ಕಂಡಿತು. ಸ್ಕ್ಯಾನ್ ಮಾಡಿದ 300 ಪುಟದ ಪಿಡಿಎಫ್, ನುಡಿ, ಬ್ರೌಸರಿನಲ್ಲಿ 12 ಟ್ಯಾಬ್, ಇಷ್ಟು ಒಟ್ಟಿಗೆ ತೆರೆದಿದ್ದರೆ ಮೊದಲು ಒಂದರಿಂದ ಇನ್ನೊಂದಕ್ಕೆ ಹೋಗಲು 15, 20 ಸೆಕೆಂಡ್ ಕಾಯಬೇಕಿತ್ತು. ಈಗ ಒಂದೆರಡು ಸೆಕೆಂಡ್. ಏಳುವುದಕ್ಕೆ ಸೋಮಾರಿ, ಎದ್ದ ಮೇಲೆ ಚುರುಕು.

ಇನ್ನೆರಡು ತಿಂಗಳಿಗೆ 1900 ರೂಪಾಯಿ ಕೊಟ್ಟು 256 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದೆ. ಹಾರ್ಡ್ ಡಿಸ್ಕಿನ ಜಾಗಕ್ಕೇ ಕೂರುವ, ಚಿಪ್‌ಗಳಿಂದ ಮಾಡಿದ ಡಿಸ್ಕ್ ಅದು. ಹೋಲಿಕೆ ನ್ಯಾಯವಾಗಿರಲಿ ಅಂತ ಹೊಸ ರ‍್ಯಾಮ್ ತೆಗೆದು, ಮತ್ತೆ 4 ಜಿಬಿಯಲ್ಲೇ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಹೊಸದಾಗಿ ಕೂರಿಸಿದೆ. ರೀಸ್ಟಾರ್ಟ್ ಕೊಟ್ಟು, ಅಭ್ಯಾಸದಂತೆ ಅಡುಗೆಮನೆ ಕಡೆ ತಿರುಗಿದೆ. ಬಾಗಿಲು ದಾಟುವುದರೊಳಗೆ ಪಾಸ್‌ವರ್ಡ್ ಕೇಳುತ್ತಿತ್ತು. ನುಡಿಯ ಮೊದಲ ಅಕ್ಷರಕ್ಕೆ 24 ಸೆಕೆಂಡ್. ನಂಬಿಕೆ ಬರದೆ ಇನ್ನೂ ಎರಡು ಸಲ ಅಳೆದೆ. ಮೂರು ವಾರ ಆದ ಮೇಲೂ 27.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಓಡಾಡುವ ಮುಳ್ಳೂ ಇಲ್ಲ. ಚೂರು ಎಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಸಿಗುತ್ತದೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಹೊಸ ಯಂತ್ರಗಳಲ್ಲಿ ಬರುವ ಎನ್‌ವಿಎಂಇ ಅನ್ನುವ ಬಗೆಯ ಎಸ್‌ಎಸ್‌ಡಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ ನನ್ನಂಥ ಕೆಲಸಕ್ಕೆ ಸಾಟಾದಿಂದ ಎನ್‌ವಿಎಂಇಗೆ ಹೋದರೆ ತಿಳಿಯುವ ವ್ಯತ್ಯಾಸ ಸ್ವಲ್ಪವೇ. ಹಾರ್ಡ್ ಡಿಸ್ಕಿನಿಂದ ಸಾಟಾಕ್ಕೆ ಬಂದದ್ದೇ ದೊಡ್ಡ ಜಿಗಿತ.

ಕುತೂಹಲದ ಸಂಗತಿ ಏನೆಂದರೆ, 4 ಜಿಬಿ ಮತ್ತು ಎಸ್‌ಎಸ್‌ಡಿ ಜೋಡಿಯಲ್ಲಿ ಆ ಪಿಡಿಎಫ್, ಬ್ರೌಸರ್ ಪರೀಕ್ಷೆಯೂ 3, 4 ಸೆಕೆಂಡಿಗೆ ಮುಗಿಯಿತು. ರ‍್ಯಾಮ್ ಸಾಲದೇ ಹೋದಾಗ ವಿಂಡೋಸ್ ಮಿಕ್ಕಿದ್ದನ್ನು ಡಿಸ್ಕಿನ ಒಂದು ಮೂಲೆಗೆ ದಾಟಿಸುತ್ತದೆ. ಆ ಡಿಸ್ಕ್ ನಿಧಾನ ಇದ್ದರೆ ಎಲ್ಲವೂ ನಿಂತುಹೋಗುತ್ತದೆ, ಚುರುಕಾಗಿದ್ದರೆ ಹೇಗೋ ನಡೆಯುತ್ತದೆ. ರ‍್ಯಾಮಿನ ಕೊರತೆಯನ್ನು ಎಸ್‌ಎಸ್‌ಡಿ ಅಷ್ಟಿಷ್ಟು ಮುಚ್ಚುತ್ತದೆ. ಡಿಸ್ಕಿನ ನಿಧಾನವನ್ನು ರ‍್ಯಾಮ್ ಅಷ್ಟು ಮುಚ್ಚುವುದಿಲ್ಲ. ಒಂದಕ್ಕೇ ದುಡ್ಡಿದೆ ಅಂದರೆ, ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ನಾನು ಎಸ್‌ಎಸ್‌ಡಿಯನ್ನೇ ಹೇಳುವುದು. ಈಗ ಎರಡೂ ಹಾಕಿಕೊಂಡಿದ್ದೇನೆ ಅನ್ನಿ.

ಹಳೇ ಡಿಸ್ಕನ್ನು ಏನು ಮಾಡುವುದು? ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ ಅನ್ನುವ ಚೌಕಟ್ಟಿನಲ್ಲಿ ಹಾಕಬಹುದು. 9.5 ಮಿಲಿಮೀಟರಿನದು, 12.7 ಮಿಲಿಮೀಟರಿನದು ಅಂತ ಎರಡು ದಪ್ಪ ಬರುತ್ತವೆ. ಶಾಲೆಯ ಸ್ಕೇಲಿನಲ್ಲಿ ಅಳೆದುಕೊಂಡೇ ಕೊಳ್ಳಿ. ನಾನು ಹಾಕುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಡಿಸ್ಕಿನ ಆರೋಗ್ಯ ನೋಡಿದೆ. ಹಳದಿ ಬಣ್ಣ, ಎಚ್ಚರಿಕೆ. ಕೆಟ್ಟುಹೋದ ಸೆಕ್ಟರುಗಳು. ಅಂದರೆ ಅದು ಬರೀ ನಿಧಾನವಲ್ಲ, ಸಾಯುತ್ತಿತ್ತು. ಫಾರ್ಮ್ಯಾಟಿಗಾಗಿ ಫೈಲುಗಳನ್ನು ಬೇರೆ ಕಡೆ ಹಾಕಿಕೊಂಡದ್ದು ಎಂಥ ಪುಣ್ಯ!

ಲಿನಕ್ಸ್ ಮಿಂಟ್, ಮತ್ತು ಅಪ್ಪಯ್ಯನ ಲ್ಯಾಪ್‌ಟಾಪ್

ಲಿನಕ್ಸ್ ಮಿಂಟ್ ಅಂದರೆ ವಿಂಡೋಸಿನ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. ಅದನ್ನು ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು, ಯಂತ್ರದಲ್ಲಿ ಏನೂ ಬದಲಾಗುವುದಿಲ್ಲ. ನನ್ನದರಲ್ಲಿ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿ, ಚೆನ್ನಾಗಿ ಓಡಿತು. ಕನ್ನಡ ಕುಟ್ಟಲು ಕೆಜಿಪಿ ಕೀಲಿಮಣೆಯೂ ಸಿಕ್ಕಿತು, ಅಂದರೆ ನುಡಿಯಲ್ಲಿ ಕುಟ್ಟುವ ಅದೇ ಬೆರಳಭ್ಯಾಸ. ಎಲ್ಲ ಕಂಪ್ಯೂಟರ್, ಮೊಬೈಲುಗಳಲ್ಲೂ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಬರೆಯುವವರಿಗೆ ಇಷ್ಟು ಸಾಕು. ನನಗೆ ಸಾಲದು. ನಮ್ಮ ಪ್ರೆಸ್ಸಿನವರು ಇವತ್ತಿಗೂ 2001ರ ಪೇಜ್‌ಮೇಕರ್ 7ರಲ್ಲೇ ಪುಟ ಕಟ್ಟುತ್ತಾರೆ, ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ. ಆ ನುಡಿ, ಆ ಪೇಜ್‌ಮೇಕರ್ ಎರಡೂ ವಿಂಡೋಸಿಗಾಗಿ ಮಾಡಿದವು. ಹಾಗಾಗಿ ವಾಪಸ್ ಬಂದೆ.

ಆದರೆ ಮಿಂಟ್ ಮನಸ್ಸಿನಲ್ಲಿ ಕೂತಿತ್ತು. ಸಾಗರದ ಹತ್ತಿರ ಊರಲ್ಲಿರುವ ಅಪ್ಪಯ್ಯನಿಗೆ ತಮ್ಮ ತನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದ. ಐ5 7200ಯು, 8 ಜಿಬಿ, ಎಸ್‌ಎಸ್‌ಡಿ. ಎಲ್ಲವೂ ನನ್ನದಕ್ಕಿಂತ ಮೇಲು. ಆದರೂ ಯಕ್ಷಗಾನದ ವಿಡಿಯೊ ಹಾಕಿ ಅರ್ಧ ಗಂಟೆ ಆಗುವುದರೊಳಗೆ ತಡವರಿಸುತ್ತಿತ್ತು. "ಕೂಸೆ, ಭಾಗವತ್ರು ಒಂದು ಕಡೆ, ಚಂಡೆ ಒಂದು ಕಡೆ ಹೋಗ್ತು" ಅಂತ ಅಪ್ಪಯ್ಯನ ಫೋನು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಅವರ ಪ್ರೊಸೆಸರ್ 7ನೇ ತಲೆಮಾರಿನದು, ವಿಂಡೋಸ್ 11ರ ಪಟ್ಟಿಯಲ್ಲಿ, ಕೆಲವೇ ಕೆಲವನ್ನು ಬಿಟ್ಟರೆ, ಇಂಟೆಲ್ ಶುರುವಾಗುವುದು 8ರಿಂದ. ಇದೇ ಸಮಯ ಅಂತ ಮಿಂಟ್ 22 ಹಾಕಿಕೊಟ್ಟೆ. ಅದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಊರಿಂದ ಬಸ್ ಹತ್ತುವಾಗ ಬೀಗಿಕೊಂಡಿದ್ದೆ.

ಮಾರನೇ ದಿನವೇ ಫೋನು. ಚಂಡೆ ಮತ್ತೆ ಹಿಂದೆ.

ಮತ್ತೆ ಹೋದೆ. ಮಿಂಟಿನ ಟರ್ಮಿನಲ್ಲಿನಲ್ಲಿ ಬಿಸಿ ಎಷ್ಟಿದೆ ನೋಡಿದರೆ 96 ಡಿಗ್ರಿ. ಅಷ್ಟು ಕಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. 2.5 ಗಿಗಾಹರ್ಟ್ಸಿನದು 0.8ಕ್ಕೆ ಬಂದು ತೆವಳುತ್ತಿತ್ತು. ಅಪ್ಪಯ್ಯ ಅದನ್ನು ಇಡುವುದು ಮಂಚದಲ್ಲಿ, ದಿಂಬಿನ ಮೇಲೆ. ಜಗಲಿಯಲ್ಲಿ ಅಡಿಕೆ ಸುಲಿಯುವ ಕಾಲ ಬೇರೆ. ಮುಚ್ಚಳ ಬಿಚ್ಚಿದರೆ ಫ್ಯಾನಿಗೂ ಗಾಳಿ ಹೊರಹೋಗುವ ಜಾಲರಿಗೂ ನಡುವೆ ಧೂಳು, ನಾರು ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಚಿಮಟದಲ್ಲಿ ಎಳೆದರೆ ಇಡೀಯಾಗಿ ಎದ್ದು ಬಂತು. ಫ್ಯಾನ್ ತಿರುಗದಂತೆ ಕಡ್ಡಿಯಿಂದ ಹಿಡಿದು ಗಾಳಿ ಊದಿದೆ. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಪುಡಿಯಾಗಿತ್ತು, ಒರೆಸಿ ಹೊಸದು ಹಚ್ಚಿದೆ. ಪೇಸ್ಟಿಗೆ 250 ರೂಪಾಯಿ. ಮಂಚದ ಮೇಲೆ ಇಡಲು ಒಂದು ಹಲಗೆ, ಅದು ಅಟ್ಟದಲ್ಲೇ ಇತ್ತು. ಬಿಸಿ 68ಕ್ಕೆ ಇಳಿಯಿತು. ಆ ರಾತ್ರಿ ಒಂದು ಪ್ರಸಂಗ ಪೂರ್ತಿ ನೋಡಿದರು, ಚಂಡೆ ಎಲ್ಲೂ ಹಿಂದೆ ಬೀಳಲಿಲ್ಲ.

ಹೇಳಬೇಕೆಂದರೆ ಅವರಿಗೆ ಮಿಂಟ್ ಬೇಕಿದ್ದದ್ದು ಅಪ್‌ಡೇಟಿಗಾಗಿ, ವೇಗಕ್ಕಲ್ಲ. ನಾನು ಎರಡನ್ನೂ ಕಲಸಿಬಿಟ್ಟಿದ್ದೆ. ನನ್ನ ಐ3ಗಂತೂ 11 ಇಲ್ಲವೇ ಇಲ್ಲ. ವಿಂಡೋಸ್ 10ರ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಹೆಸರು ಕೊಟ್ಟಿದ್ದೇನೆ, ಅದೂ 2026ರ ಅಕ್ಟೋಬರ್‌ವರೆಗೆ ಮಾತ್ರ. ಅಷ್ಟರಲ್ಲಿ ಪ್ರೆಸ್ಸಿನವರು ಯೂನಿಕೋಡಿಗೆ ಬಂದರೆ ಸರಿ.

ಮೊನ್ನೆ ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಕ್ಕ, ನಂದೂ ಸ್ಲೋ, ಎಸ್‌ಎಸ್‌ಡಿ ಹಾಕ್ಸ್ಲಾ?" ಮೊದಲು ಟಾಸ್ಕ್ ಮ್ಯಾನೇಜರಿನ ಫೋಟೊ ಕಳಿಸು ಅಂದೆ. ಡಿಸ್ಕ್ 4%, ಮೆಮೊರಿ 91%. ಅವನದರಲ್ಲಿ ಎಸ್‌ಎಸ್‌ಡಿ ಆಗಲೇ ಇದೆ, ಅವನಿಗೆ ಗೊತ್ತೇ ಇರಲಿಲ್ಲ. ಬೇಕಾದದ್ದು ರ‍್ಯಾಮ್. ಆದರೆ ಅದು ತೆಳ್ಳನೆಯ ಹೊಸ ಮಾದರಿ, ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಬದಲಿಸುವ ಹಾಗಿಲ್ಲ. ಬ್ರೌಸರಿನ ಮೆಮೊರಿ ಸೇವರ್ ಆನ್ ಮಾಡಿಸಿ, ಎಷ್ಟು ಟ್ಯಾಬ್ ತೆರೆದಿದ್ದೀಯೋ ಅಂತ ಕೇಳಿದೆ. ಎಣಿಸಲು ಶುರು ಮಾಡಿದ. ನಲವತ್ತು ದಾಟಿದ ಮೇಲೆ ಫೋನ್ ಇಟ್ಟ.